ಎಂಟು ಎಣಿಸುವಷ್ಟರಲ್ಲಿ

ನನ್ನದು ಮುಳಬಾಗಿಲು ಕಡೆಯ ಹಳ್ಳಿ. ಬಾಕ್ಸಿಂಗ್ ಕಲಿತದ್ದು ಸೈನ್ಯದಲ್ಲಿ. ಪಿಂಚಣಿ ತಗೊಂಡು ಊರಿಗೆ ಬಂದ ಮೇಲೆ ಕೋಲಾರದಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ಮಾಲೂರಿನಿಂದ, ಶ್ರೀನಿವಾಸಪುರದಿಂದ ಮೊದಲ ಬಸ್ಸಿಗೆ ಬರುವವರಿದ್ದಾರೆ. ಬಹುಪಾಲು ಮಕ್ಕಳು ಮೊಬೈಲಿನಲ್ಲಿ ಯಾರದೋ ನಾಕ್‌ಔಟ್ ನೋಡಿಕೊಂಡು ಬಂದವರು. ಚಾಂಪಿಯನ್ ಆದವರ ಮನಸ್ಸು ಹೇಗಿರುತ್ತೆ ಸಾರ್ ಎಂದು ಕೇಳುತ್ತಾರೆ. ನಾನು ಚಾಂಪಿಯನ್ ಅಲ್ಲ. ಚಾಂಪಿಯನ್ನರ ಎದುರು ನಿಂತು ಗುದ್ದಿಸಿಕೊಂಡವನು, ಆಮೇಲೆ ಅವರ ಕಾರ್ನರಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತವನು. ಅಲ್ಲಿಂದ ಕಂಡದ್ದಿಷ್ಟು.

1. ಎಷ್ಟು ಕೆಜಿಯಲ್ಲಿ?

"ಚಾಂಪಿಯನ್ ಆಗ್ಬೇಕು ಸಾರ್" ಅಂದವನಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಹುಡುಗ ಬಾಯಿ ಬಾಯಿ ಬಿಡುತ್ತಾನೆ. ನಮ್ಮ ಆಟದಲ್ಲಿ ಬರೀ ಚಾಂಪಿಯನ್ ಅನ್ನುವವನು ಇಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ ಇದ್ದದ್ದು ಏಳೇ ತೂಕ: 51, 57, 63.5, 71, 80, 92, ಆಮೇಲೆ ಅದರ ಮೇಲಿನವರು. ನಿನ್ನ ಆಸೆಗೆ ಇದರಲ್ಲಿ ಒಂದು ಅಂಕಿ ಸಿಕ್ಕಿದ ದಿನ ಅದು ಆಸೆ. ಅಲ್ಲಿಯವರೆಗೂ ಬಾಯಿಮಾತು.

ಅಂಕಿ ಸಿಕ್ಕಿದ ಮೇಲೆ ಊಟ, ನಿದ್ದೆ, ಮದುವೆ ಮನೆ, ಹಬ್ಬ ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಮೇ, ಜೂನ್ ಬಂತೆಂದರೆ ಶ್ರೀನಿವಾಸಪುರದ ಹುಡುಗರ ತೂಕ ಏರುತ್ತದೆ. ಮಾವಿನ ಮಂಡಿಯಲ್ಲಿ ರಾತ್ರಿ ಲೋಡಿಂಗ್ ಮಾಡುವ ಹುಡುಗನಿಗೆ ಹಸಿವಾದರೆ ಕೈಗೆ ಸಿಗುವುದು ಬಾದಾಮಿ, ಮಲ್ಲಿಕಾ. ಬೆಳಿಗ್ಗೆ ಬಂದು ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ, ಉಸಿರು ಹಿಡಿದರೆ ಮುಳ್ಳು ಇಳಿಯುತ್ತದೆ ಎಂಬ ನಂಬಿಕೆ. ಮುದ್ದೆ ಬಿಡು ಎಂದು ನಾನು ಯಾರಿಗೂ ಹೇಳಿಲ್ಲ. ಸಂಜೆಯ ಬಜ್ಜಿ ಬಿಡು, ಬೇಕರಿ ಬಿಡು ಎನ್ನುತ್ತೇನೆ. ನೀರು ಕುಡಿಯದೆ ಮೈ ಒಣಗಿಸುವುದಕ್ಕಂತೂ ಒಪ್ಪುವುದಿಲ್ಲ. 2024ರಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಿಗೆ ಬಂದು ಫೈನಲ್ ಕಳೆದುಕೊಂಡರಲ್ಲ, ಅದು ಕುಸ್ತಿ. ಆದರೆ ತಕ್ಕಡಿ ಎಲ್ಲರಿಗೂ ಒಂದೇ.

2. ಬೇಜಾರು ಬರಿಸುವ ಕೆಲಸವೇ ಕೆಲಸ

ಮೊದಲ ಕೆಲವು ತಿಂಗಳು ನನ್ನ ಹತ್ತಿರ ಹುಕ್ ಇಲ್ಲ, ಅಪ್ಪರ್‌ಕಟ್ ಇಲ್ಲ. ಜಾಬ್ ಒಂದೇ. ಎಡಗಾಲು ಮುಂದೆ, ಬಲಗಾಲಿನ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆ, ಗಲ್ಲ ಎಡಭುಜದ ಮರೆಯಲ್ಲಿ. ಎಡಗೈ ನೇರ ಹೋಗಬೇಕು, ತಾಗುವ ಹೊತ್ತಿಗೆ ಅಂಗೈ ನೆಲದ ಕಡೆ ತಿರುಗಿರಬೇಕು, ಹೋದ ದಾರಿಯಲ್ಲೇ ವಾಪಸ್ಸು ಬಂದು ಕೆನ್ನೆ ಸೇರಬೇಕು. ಹೋಗುವುದನ್ನು ಎಲ್ಲರೂ ಒಂದು ವಾರದಲ್ಲಿ ಕಲಿಯುತ್ತಾರೆ. ವಾಪಸ್ಸು ಬರುವುದನ್ನು ಕಲಿಯುವವರು ಕಮ್ಮಿ. ಕೈ ಹಿಂದೆ ಬರುವ ಬದಲು ಸೊಂಟದ ಕಡೆ ಜಾರುತ್ತದೆ. ಜಾರಿದ ಕೂಡಲೇ ನಾನು ಪ್ಯಾಡಿನಿಂದ ಕೆನ್ನೆಗೆ ಒಂದು ತಟ್ಟುತ್ತೇನೆ. ನೋವಾಗುವಷ್ಟಲ್ಲ, ಅವಮಾನ ಆಗುವಷ್ಟು. ಸಾವಿರ ಸಲ ಹೇಳಿದರೂ ಮೇಲೆ ಬಾರದ ಕೈ ಆ ತಟ್ಟಿಗೆ ಮೇಲೆ ಬರುತ್ತದೆ.

ಜಾಬ್ ಅಂದರೆ ನಮ್ಮ ಮುಳಬಾಗಿಲು ಹೋಟೆಲಿನವರು ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುತ್ತಾರಲ್ಲ, ಅದು. ಎದುರಿನವನು ಎಷ್ಟು ಕಾದಿದ್ದಾನೆ, ಯಾವ ಕಡೆ ಬಾಗುತ್ತಾನೆ, ಕಣ್ಣು ಮುಚ್ಚುತ್ತಾನಾ, ಎಲ್ಲ ಗೊತ್ತಾಗುವುದು ಇದರಲ್ಲೇ. ಆದರೆ ಮೊಬೈಲಿನಲ್ಲಿ ಜಾಬ್ ಯಾರೂ ನೋಡುವುದಿಲ್ಲ. ಹತ್ತು ಜನ ಸೇರಿದರೆ ಏಳು ಜನ ಈ ಹಂತದಲ್ಲೇ ಕಾಣೆಯಾಗುತ್ತಾರೆ. ಉಳಿದವರ ಕೈಬಲ ಹೆಚ್ಚೇನೂ ಅಲ್ಲ, ಅವರಿಗೆ ಬೇಜಾರನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಚಾಂಪಿಯನ್ ಮನಸ್ಸು ಎಂದು ನೀವು ಕರೆಯುವುದರಲ್ಲಿ ಅರ್ಧ ಪಾಲು ಇದೇ ಎಂದು ನನ್ನ ಲೆಕ್ಕ.

ಕಾಲಿನ ಬಗ್ಗೆ ಒಂದು ಮಾತು. ಉಕ್ರೇನಿನ ಲೊಮಚೆಂಕೊ 2008, 2012 ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಚಿಕ್ಕವನಿದ್ದಾಗ ಅವನ ಅಪ್ಪ ಬಾಕ್ಸಿಂಗ್ ನಿಲ್ಲಿಸಿ ಕುಣಿತ ಕಲಿಯಲು ಹಾಕಿದ್ದ. ನಮ್ಮಲ್ಲಿ ಊರಹಬ್ಬದಲ್ಲಿ ತಮಟೆಗೆ ಹೆಜ್ಜೆ ಹಾಕಿ ಬೆಳೆದ ಹುಡುಗರ ಕಾಲು ನೋಡಿದರೆ ಆ ಅಪ್ಪನ ಲೆಕ್ಕಾಚಾರ ಅರ್ಥವಾಗುತ್ತದೆ. ಸ್ಕಿಪ್ಪಿಂಗ್ ಹಗ್ಗ ಅವರಿಗೆ ಒಂದೇ ದಿನಕ್ಕೆ ಬರುತ್ತದೆ.

3. ಉತ್ತರನ ಪೌರುಷ ಒಲೆಯ ಮುಂದೆ

ಮಹಮ್ಮದ್ ಅಲಿಯ ಹೆಸರು ಹೇಳಿಕೊಂಡು ಬಾಯಿ ಜೋರು ಮಾಡುವ ಹುಡುಗರಿದ್ದಾರೆ. 1964ರ ಫೆಬ್ರುವರಿಯಲ್ಲಿ ಲಿಸ್ಟನ್ ವಿರುದ್ಧದ ಪಂದ್ಯಕ್ಕೆ ಮೊದಲು ಅಲಿ ಕೂಗಾಡಿದ್ದು ಇವರಿಗೆ ಗೊತ್ತು. ಆ ಕೂಗಿನ ಹಿಂದೆ 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನ ಇತ್ತು, ಹನ್ನೆರಡನೇ ವಯಸ್ಸಿನಿಂದ ಮಾಡಿದ ಅಭ್ಯಾಸ ಇತ್ತು. ಅದು ಕಾಣುವುದಿಲ್ಲ. ನನಗೆ ಗೊತ್ತಿರುವ ಒಳ್ಳೆಯ ಬಾಕ್ಸರುಗಳಲ್ಲಿ ಹೆಚ್ಚಿನವರು ಮಾತು ಕಮ್ಮಿಯವರು.

ಭಯದ ಬಗ್ಗೆ ಸುಳ್ಳು ಹೇಳಬಾರದು. ಬೌಟಿಗೆ ಮೊದಲು ಕೈ ತಣ್ಣಗಾಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ, ಆಕಳಿಕೆ ಬರುತ್ತದೆ. ಆಕಳಿಕೆ ನೋಡಿದ ಅಪ್ಪಂದಿರು "ನಿದ್ದೆಗೆಟ್ಟಿದ್ದಾನೆ" ಅಂತ ನನ್ನನ್ನು ಬೈಯುತ್ತಾರೆ. ಅದು ನಿದ್ದೆಯಲ್ಲ, ಮೈ ತಯಾರಾಗುತ್ತಿರುವುದು. ಆಕಳಿಸುತ್ತಿರುವ ಹುಡುಗನಿಗೆ ಹೆದರಬೇಡ ಎನ್ನುವುದು ದಂಡ. ಕೈಗೆ ಪಟ್ಟಿ ಸುತ್ತುತ್ತಾ ನಿಧಾನವಾಗಿ ಬೇರೆ ಏನಾದರೂ ಮಾತಾಡಿಸುತ್ತೇನೆ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳುಗಳ ಸಂದಿಯಿಂದ ತಂದು ಮತ್ತೆ ಮಣಿಕಟ್ಟಿಗೆ. ನಾಲ್ಕೂವರೆ ಮೀಟರ್ ಪಟ್ಟಿ ಮುಗಿಯುವ ಹೊತ್ತಿಗೆ ಉಸಿರು ಒಂದು ಹದಕ್ಕೆ ಬಂದಿರುತ್ತದೆ.

4. ದುಡಿದ ಮೈ ಬೇರೆ, ಪಳಗಿದ ಮೈ ಬೇರೆ

ನಮ್ಮ ಜಿಲ್ಲೆಯ ಹುಡುಗರಿಗೆ ಶಕ್ತಿ ಕಮ್ಮಿ ಇಲ್ಲ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸುಗಳನ್ನು ಬೆಳಗಿನ ಜಾವದಿಂದ ಲಾರಿಗೆ ಎಸೆಯುವವರನ್ನು ನೋಡಿ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಹೆಂಚಿನ ಕಾರ್ಖಾನೆಗಳಲ್ಲಿ ಬೆಳೆದ ಮಕ್ಕಳ ಮುಂಗೈ ನೋಡಿ. ಇಂಥವನೊಬ್ಬ ಬಂದರೆ ಬ್ಯಾಗ್ ನೇತು ಹಾಕಿದ ಕೊಕ್ಕೆಯೇ ಕಿತ್ತುಬರುತ್ತದೇನೋ ಎನ್ನುವ ಹಾಗೆ ಹೊಡೆಯುತ್ತಾನೆ. ಒಂದೂವರೆ ನಿಮಿಷ. ಆಮೇಲೆ ಭುಜ ಕಿವಿಗೆ ಏರುತ್ತದೆ, ಬಾಯಿ ತೆರೆಯುತ್ತದೆ.

ಭಾರ ಎತ್ತುವ ಮೈ ಬಿಗಿ ಹಿಡಿದು ಕೆಲಸ ಮಾಡುತ್ತದೆ. ಬಾಕ್ಸರಿನ ಮೈ ಸಡಿಲವಾಗಿದ್ದು, ತಾಗುವ ಕ್ಷಣಕ್ಕೆ ಮಾತ್ರ ಬಿಗಿಯಬೇಕು. ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ. ಇಷ್ಟಕ್ಕೇ ಪ್ರಾಣ ಬಾಯಿಗೆ ಬರುವುದು ಶಕ್ತಿ ಸಾಲದೆ ಅಲ್ಲ, ಬಿಗಿ ಬಿಡಲು ಬಾರದೆ. ಅದಕ್ಕೆ ಅಂತರಗಂಗೆ ಮೆಟ್ಟಿಲು ಹತ್ತಿಸುತ್ತೇನೆ, ಆದರೆ ಓಡಿಸುವುದು ಸಮಯಕ್ಕಲ್ಲ. ಹತ್ತುತ್ತಾ ಕೈ ಗಾರ್ಡ್‌ನಲ್ಲಿರಬೇಕು, ಭುಜ ಇಳಿದಿರಬೇಕು, ಮೂಗಿನಲ್ಲಿ ಉಸಿರಾಡಬೇಕು. ಮೇಲೆ ಬಸವನ ಬಾಯಿಂದ ಬೀಳುವ ನೀರಿನ ಹತ್ತಿರ ಹೋಗಿ ಮಾತಾಡಿಸಿದರೆ ಮಾತು ಬರಬೇಕು. ಏದುಸಿರು ಬಿಡುತ್ತಾ ಮೊದಲು ತಲುಪಿದವನಿಗೆ ನನ್ನಲ್ಲಿ ಬಹುಮಾನವಿಲ್ಲ. ಕೋತಿಗಳು ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಳ್ಳುವುದು ಬೇರೆ ವಿಷಯ.

5. ಎಂಟರ ತನಕ

ಗುದ್ದು ತಿಂದು ಬಿದ್ದವನು ತಕ್ಷಣ ಎದ್ದರೂ ರೆಫರಿ ಎಂಟರ ತನಕ ಎಣಿಸಿಯೇ ತೀರುತ್ತಾನೆ. ಹುಡುಗರು ಎರಡಕ್ಕೇ ನೆಗೆದು ಎದ್ದು "ನನಗೇನೂ ಆಗಿಲ್ಲ" ಅಂತ ತೋರಿಸಲು ಹೋಗುತ್ತಾರೆ, ಮೂರನೇ ಸೆಕೆಂಡಿಗೆ ಕಾಲು ತಡವರಿಸುತ್ತದೆ. ಒಂದು ಮೊಣಕಾಲ ಮೇಲೆ ಕೂತುಕೋ, ಆರರ ತನಕ ಉಸಿರು ಎಳೆದುಕೋ, ನನ್ನ ಕಡೆ ನೋಡು, ಏಳಕ್ಕೆ ಎದ್ದೇಳು ಎಂದು ಹೇಳಿಕೊಟ್ಟಿದ್ದೇನೆ. ಆ ಎಂಟು ಸೆಕೆಂಡು ನಿಯಮ ಕೊಟ್ಟದ್ದು, ಬಿಟ್ಟಿ ಬಂದದ್ದು. ಮರ್ಯಾದೆ ಹೋಯಿತೆಂದು ಅದನ್ನು ಬಿಟ್ಟುಕೊಡುವವನು ದಡ್ಡ.

1971ರ ಮಾರ್ಚ್ 8ರಂದು ಫ್ರೇಜಿಯರನ ಎಡಗೈ ಹುಕ್ಕಿಗೆ ಅಲಿ ಹದಿನೈದನೇ ಸುತ್ತಿನಲ್ಲಿ ಬಿದ್ದ ವಿಡಿಯೊ ತೋರಿಸುತ್ತೇನೆ. ಬಿದ್ದ, ಎದ್ದ, ಸುತ್ತು ಮುಗಿಸಿದ, ಪಂದ್ಯ ಸೋತ. ವೃತ್ತಿಪರನಾಗಿ ಅದು ಅವನ ಮೊದಲ ಸೋಲು. ಅವನು ಗೆದ್ದ ಪಂದ್ಯಗಳಿಗಿಂತ ನನಗೆ ಇದರಲ್ಲಿ ಕಲಿಸುವುದಕ್ಕೆ ಜಾಸ್ತಿ ಸಿಗುತ್ತದೆ.

6. ಸೋತ ಮೇಲೆ ಏನು ಮಾಡಿದ ಎಂದು ನೋಡು

ಬಾಕ್ಸರ್ ನಿಶಾಂತ್ ದೇವ್ ಹರಿಯಾಣದ ಕರ್ನಾಲ್‌ನವರು. ಆದರೆ ಅವರು ರಾಷ್ಟ್ರೀಯ ಪಂದ್ಯಗಳಲ್ಲಿ ಆಡಿದ್ದು ಕರ್ನಾಟಕದ ಪರ, ತಯಾರಾದದ್ದು ತೋರಣಗಲ್ಲು ಹತ್ತಿರದ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. 2021ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದೂ ಅಲ್ಲೇ, 71 ಕೆಜಿಯಲ್ಲಿ ಚಿನ್ನ ಗೆದ್ದರು. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಪ್ಯಾರಿಸ್‌ನಲ್ಲಿ ಕ್ವಾರ್ಟರ್ ಫೈನಲ್ ಗೆದ್ದಿದ್ದರೆ ಪದಕ ಖಾತ್ರಿ. ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು ಮೊದಲ ಸುತ್ತು ಇವರದ್ದೇ, ಕೊನೆಗೆ ಐವರು ತೀರ್ಪುಗಾರರಲ್ಲಿ ನಾಲ್ವರು ಅವನ ಕೈ ಎತ್ತಿದರು.

ಆ ರಾತ್ರಿ ದೇಶವೆಲ್ಲ ತೀರ್ಪುಗಾರರನ್ನು ಬೈದಿತು. ಮಾರನೇ ಬೆಳಿಗ್ಗೆ ನಮ್ಮ ಹುಡುಗರೂ ಅದನ್ನೇ ಹೇಳಿಕೊಂಡು ಬಂದರು. ನಾನು ಮೂರನೇ ಸುತ್ತನ್ನು ಮಾತ್ರ ಹಾಕಿ ಕೈ ಎಲ್ಲಿದೆ, ಕಾಲು ಎಲ್ಲಿದೆ ನೋಡಿ ಎಂದೆ. ತೀರ್ಪು ಸರಿಯೋ ತಪ್ಪೋ, ದಣಿದ ಕಾಲು ಮಾತ್ರ ಎದುರಿಗೇ ಕಾಣುತ್ತಿತ್ತು. ಇನ್ನೊಬ್ಬರಾಗಿದ್ದರೆ ಅನ್ಯಾಯವಾಯಿತೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಬಹುದಿತ್ತು. ನಿಶಾಂತ್ 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರರಾಗಿ ಕಣಕ್ಕಿಳಿದು ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಮುಗಿಸಿದರು. ನಮ್ಮ ರಾಜ್ಯದ ಹೆಸರು ಬನಿಯನ್ನಿನ ಮೇಲೆ ಹಾಕಿಕೊಂಡು ಆಡಿದವನ ಕಥೆ ಕೋಲಾರದ ಹುಡುಗನಿಗೆ ಅಮೆರಿಕದ ಕಥೆಗಿಂತ ಬೇಗ ನಾಟುತ್ತದೆ.

7. ಅಮ್ಮನನ್ನು ಒಂದು ಬೆಳಿಗ್ಗೆ ಕರೆದುಕೊಂಡು ಬಾ

ಹೆಣ್ಣುಮಕ್ಕಳ ವಿಷಯದಲ್ಲಿ ರಿಂಗಿನ ಒಳಗಿನ ಎದುರಾಳಿ ಸುಲಭ. ಮೇರಿ ಕೋಮ್ ಬಾಕ್ಸಿಂಗ್ ಮಾಡುವುದು ಅವರ ಅಪ್ಪನಿಗೆ ಗೊತ್ತಾದದ್ದು 2000ದಲ್ಲಿ, ಮಗಳು ರಾಜ್ಯ ಚಾಂಪಿಯನ್ ಆದ ಫೋಟೊ ಪತ್ರಿಕೆಯಲ್ಲಿ ಬಂದಾಗ. ಆರು ಸಲ ವಿಶ್ವ ಚಾಂಪಿಯನ್ ಆದವರ ಶುರು ಕದ್ದುಮುಚ್ಚಿ. ನಮ್ಮ ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್‌ಗೆ ಅಪ್ಪನೇ ಬೆನ್ನಿಗೆ ನಿಂತರು. 2022, 2023 ಎರಡು ವರ್ಷವೂ ವಿಶ್ವ ಚಾಂಪಿಯನ್.

ಮುಖಕ್ಕೆ ಏಟು ಬಿದ್ದರೆ ಯಾರು ಮದುವೆಯಾಗುತ್ತಾರೆ ಎಂದು ಅಮ್ಮಂದಿರು ತೆಲುಗಿನಲ್ಲಿ ಕೇಳುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತೇ ಅದು. ನಾನೂ ತೆಲುಗಿನಲ್ಲೇ ಉತ್ತರ ಹೇಳುತ್ತೇನೆ, ಆದರೆ ಉತ್ತರಕ್ಕಿಂತ ಒಂದು ಬೆಳಿಗ್ಗೆ ಕರೆತಂದು ಕೂರಿಸಿದರೆ ಕೆಲಸ ಆಗುತ್ತದೆ. ಮಗಳು ತಲೆಗೆ ಹೆಲ್ಮೆಟ್ ಹಾಕಿಕೊಂಡು, ಹಲ್ಲಿಗೆ ಗಾರ್ಡ್ ಕಚ್ಚಿಕೊಂಡು, ಬಂದ ಗುದ್ದಿನ ಕೆಳಗೆ ತಲೆ ಇಳಿಸಿ ಪಕ್ಕಕ್ಕೆ ಸರಿದದ್ದನ್ನು ನೋಡಿದ ಒಬ್ಬ ತಾಯಿ ಮೊದಲು ಕಿರುಚಿದಳು, ಎರಡನೇ ಸುತ್ತಿಗೆ "ಹೊಡೀ ಹೊಡೀ" ಅಂದಳು.

8. ನೌಕರಿಯ ಆಸೆ ಕೀಳಲ್ಲ

ಸೈನ್ಯ, ರೈಲ್ವೆ, ಪೊಲೀಸ್. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಣ್ಣು ಅಲ್ಲೇ. ದೊಡ್ಡ ಕನಸು ಕಾಣು ಎಂದು ಭಾಷಣ ಮಾಡುವವರು ಬಾಡಿಗೆ ಕಟ್ಟುವುದಿಲ್ಲ. ಸಂಬಳ ಕೈಗೆ ಬಂದ ಮೇಲೆ ಚೆನ್ನಾಗಿ ಆಡಿದವರೇ ಜಾಸ್ತಿ.

9. ಟವೆಲ್ ಯಾರ ಕೈಯಲ್ಲಿದೆ?

ಛಲ ಒಳ್ಳೆಯದು, ಅದಕ್ಕೆ ಕಡಿವಾಣ ಹಾಕುವವನು, ಟವೆಲ್ ಎಸೆದು ಪಂದ್ಯ ನಿಲ್ಲಿಸುವವನು ಪಕ್ಕದಲ್ಲಿದ್ದರೆ. ಅಲಿ ಎದುರಿನ 1975ರ ಮನಿಲಾ ಪಂದ್ಯದಲ್ಲಿ ಹದಿನಾಲ್ಕು ಸುತ್ತಾದ ಮೇಲೆ ಫ್ರೇಜಿಯರನ ಕಣ್ಣು ಮುಚ್ಚಿಹೋಗಿತ್ತು. ಅವನು ಏಳಲು ಹೊರಟ, ಕೋಚ್ ಎಡ್ಡಿ ಫಚ್ ಬಿಡಲಿಲ್ಲ. ಒಂದೇ ಸುತ್ತು ಉಳಿದಿತ್ತು. ಫ್ರೇಜಿಯರ್ ಅದಕ್ಕಾಗಿ ಸಿಟ್ಟಾದ, ಆದರೆ ಮನೆಗೆ ಹೋದ. ಅಲಿಯನ್ನು ಹಾಗೆ ಹೊತ್ತಿಗೆ ಸರಿಯಾಗಿ ತಡೆದವರಿಲ್ಲ. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ಸುತ್ತು ಬರೀ ತಿಂದ, ಮರುವರ್ಷ ಇನ್ನೂ ಒಂದು ಪಂದ್ಯ ಆಡಿದ. 1984ರಲ್ಲಿ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಗುದ್ದುಗಳಿಂದಲೇ ಬಂತು ಎಂದು ಖಚಿತವಾಗಿ ಹೇಳಲು ನಾನು ಡಾಕ್ಟರಲ್ಲ. ಆದರೆ ಕಾರ್ನರಿನಲ್ಲಿ ನಿಲ್ಲುವವನು ಅದನ್ನು ಮರೆಯಬಾರದು.

ದೂರದ ಮಾತೇಕೆ, 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಯುವಕ ಉಳಿಯಲಿಲ್ಲ. ಅಂದಿನಿಂದ ಡಾಕ್ಟರು, ಆಂಬುಲೆನ್ಸು ಇಲ್ಲದ ಟೂರ್ನಮೆಂಟಿಗೆ ಟ್ರೋಫಿ ಎಷ್ಟೇ ಎತ್ತರವಿರಲಿ ನಾನು ಮಕ್ಕಳನ್ನು ಕಳಿಸುವುದಿಲ್ಲ. ಜಾತ್ರೆಯ ಫ್ಲೆಕ್ಸ್ ಮುಂದೆ ರಿಂಗ್ ಕಟ್ಟುವವರಿಗೆ ಇದು ಹಿಡಿಸುವುದಿಲ್ಲ. ತಲೆಗೆ ಏಟು ತಿಂದ ಹುಡುಗ ವಾಂತಿ ಮಾಡಿದರೆ, ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ, ಆಸ್ಪತ್ರೆ. ಅವನ ಅಭಿಪ್ರಾಯ ಕೇಳುವ ಪ್ರಶ್ನೆಯೇ ಇಲ್ಲ.

10. ಹೆಸರು ಉಳಿಯುವುದು ಶಿಷ್ಯರಲ್ಲಿ, ಶಿಷ್ಯರು ಸಿಗುವುದು ಊರಿನಲ್ಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಒಂದು ಸ್ಟೇಷನ್ನಿನ ಹೆಸರು ಚಾಂಪಿಯನ್. ಚಾಂಪಿಯನ್ ರೀಫ್ ಗಣಿಯಿಂದ ಬಂದದ್ದು, ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ. 2001ರ ಫೆಬ್ರುವರಿ 28ಕ್ಕೆ ಅಲ್ಲಿನ ಚಿನ್ನದ ಗಣಿಗಳೆಲ್ಲ ಮುಚ್ಚಿದವು. ರೈಲು ಮಾತ್ರ ಈಗಲೂ ದಿನಾ ಬೆಳಿಗ್ಗೆ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತದೆ. ಒಂದೂರಿನ ಕಸುಬು ಮುಂದಕ್ಕೆ ಕೈ ಬದಲಾಗದಿದ್ದರೆ ಬೋರ್ಡು ಉಳಿಯುತ್ತದೆ ಅಷ್ಟೆ.

ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೋವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದವರು. 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಏಷ್ಯನ್ ಗೇಮ್ಸ್ ರಿಲೇಯಲ್ಲಿ ಕಂಚು. 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಹುಡುಗರಲ್ಲಿ ಅವರ ಹೆಸರು ಕೇಳಿದವರು ಇರಲಿಲ್ಲ. ಕೊಡಗಿನ ಸಿ.ಸಿ. ಮಾಚಯ್ಯ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದ ಬಾಕ್ಸರ್, ಅರ್ಜುನ ಪ್ರಶಸ್ತಿಯೂ ಬಂತು. ಆದರೆ ಕೊಡಗು ಎಂದರೆ ಇಂದಿಗೂ ಹಾಕಿ. ಯಾಕೆ? ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಹಾಕಿಗೆ ಮನೆಗಳು ಸಿಕ್ಕವು. ಬಾಕ್ಸಿಂಗ್‌ಗೆ ಒಬ್ಬ ಮಾಚಯ್ಯ ಸಿಕ್ಕರು.

ಬಾಕ್ಸಿಂಗ್‌ಗೆ ಊರು ಸಿಕ್ಕಿದ್ದು ಹರಿಯಾಣದ ಭಿವಾನಿಯಲ್ಲಿ. ಹವಾ ಸಿಂಗ್ ಸತತ 11 ಸಲ ರಾಷ್ಟ್ರೀಯ ಹೆವಿವೇಟ್ ಚಾಂಪಿಯನ್, 1966 ಮತ್ತು 1970 ಎರಡೂ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ. ಸೈನ್ಯದಿಂದ ನಿವೃತ್ತರಾದ ಮೇಲೆ ಭಿವಾನಿಯಲ್ಲಿ ಹುಡುಗರಿಗೆ ಕಲಿಸಲು ನಿಂತರು. 2000ದ ಆಗಸ್ಟಿನಲ್ಲಿ, ದ್ರೋಣಾಚಾರ್ಯ ಪ್ರಶಸ್ತಿ ಕೈಗೆ ಬರಲು ಇನ್ನೇನು ಎರಡು ವಾರ ಇದೆ ಎನ್ನುವಾಗ ತೀರಿಕೊಂಡರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಭಾರತದ ಐವರು ಬಾಕ್ಸರುಗಳಲ್ಲಿ ನಾಲ್ವರು ಭಿವಾನಿಯಲ್ಲಿ ಪಳಗಿದವರು. ಅವರಲ್ಲಿ ವಿಜೇಂದರ್‌ಗೆ ಕಂಚು ಬಂತು, ಬಾಕ್ಸಿಂಗ್‌ನಲ್ಲಿ ದೇಶಕ್ಕೆ ಮೊದಲ ಒಲಿಂಪಿಕ್ ಪದಕ. ಹವಾ ಸಿಂಗ್ ಇದನ್ನು ನೋಡಲಿಲ್ಲ.

ನನ್ನ ಮಟ್ಟಿಗೆ ಇದರಲ್ಲಿ ಒಂದು ಲೆಕ್ಕ ಸ್ಪಷ್ಟ. ಹನ್ನೊಂದು ಸಲ ಗೆಲ್ಲುವ ಹಟವೂ, ಹೆಸರಿಲ್ಲದ ಹುಡುಗರಿಗೆ ದಿನಾ ಜಾಬ್ ಹೇಳಿಕೊಡುವ ಹಟವೂ ಒಂದೇ. ಎರಡನೆಯದನ್ನು ನೋಡಲು ಜನ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಜಿಲ್ಲೆಗೆ ಬೇಕಾಗಿರುವುದು ಒಬ್ಬ ಪದಕವೀರ ಅಲ್ಲ, ಆ ಪದಕವೀರ ಬಂದಾಗ ಅವನನ್ನು ಗುರುತು ಹಿಡಿಯುವ ನಾಲ್ಕು ತಾಲ್ಲೂಕಿನ ನಾಲ್ಕು ಜನ.

11. ಕಲಿತವನು ಪ್ಯಾಡ್ ಹಿಡಿಯಲಿ

ಅದಕ್ಕೆ ನಮ್ಮಲ್ಲಿ ಒಂದು ನಿಯಮ. ರಾಜ್ಯಮಟ್ಟಕ್ಕೆ ಹೋಗಿ ಬಂದವನು ಮಾರನೇ ದಿನ ಹೊಸಬನಿಗೆ ಪ್ಯಾಡ್ ಹಿಡಿಯಬೇಕು. ಪದಕ ತಂದಿದ್ದರೆ ಇನ್ನೂ ಜಾಸ್ತಿ ಹೊತ್ತು. ಆಳಾಗಬಲ್ಲವನು ಅರಸಾಗಬಲ್ಲ ಎನ್ನುವುದು ಹಳೇ ಮಾತು, ಇಲ್ಲಿ ಅರಸಾದವನನ್ನು ಮತ್ತೆ ಆಳು ಮಾಡುತ್ತೇವೆ. ಪ್ಯಾಡ್ ಹಿಡಿದಾಗಲೇ ತನ್ನ ಕೈ ಎಲ್ಲಿ ಇಳಿಯುತ್ತದೆ ಎಂದು ಅವನಿಗೆ ತಿಳಿಯುವುದು.

ಮಾಲೂರು ಕಡೆಯ ಹುಡುಗಿಯೊಬ್ಬಳು ಈಗ ತನ್ನ ಊರಿನಲ್ಲೇ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡಿದ್ದಾಳೆ. ಹಗ್ಗವಿಲ್ಲ, ಕಂಬವಿಲ್ಲ, ಸುಣ್ಣದಲ್ಲಿ ಎಳೆದ ಚೌಕ. ರಿಂಗ್ ಎಂದರೆ ಇಪ್ಪತ್ತು ಅಡಿ ಇರಬೇಕು, ಅಲ್ಲಿ ಜಾಗ ಸಿಕ್ಕಿರುವುದು ಹದಿನಾರು. ಸಾಕು, ಚಿಕ್ಕ ಚೌಕದಲ್ಲಿ ಕಾಲು ಬೇಗ ಕಲಿಯುತ್ತದೆ ಎಂದು ಹೇಳಿದ್ದೇನೆ. ಈಗ ಅವಳಿಗೆ ಬೇಕಾಗಿರುವುದು ಎರಡು ಜೊತೆ ಪ್ಯಾಡ್, ಮಕ್ಕಳ ಅಳತೆಯ ಗ್ಲೌಸ್. ಮಂಡಿಯ ವ್ಯಾಪಾರಿಯೊಬ್ಬರು ಸೀಸನ್ ಮುಗಿಯಲಿ ಕೊಡಿಸುತ್ತೇನೆ ಅಂದಿದ್ದಾರೆ. ಜುಲೈ ಬರಲಿ, ಹೋಗಿ ನೆನಪಿಸಬೇಕು.